ಹಾವೇರಿಯ ರಬ್ಬರ್ ಮೊಣಕಾಲು

ಕಳೆದ ತಿಂಗಳು ನನ್ನ ಕಾರು ಗ್ಯಾರೇಜಿನಲ್ಲಿತ್ತು. ಹಾವೇರಿಯಲ್ಲಿ ಕೆಲಸವಿದ್ದುದರಿಂದ ರಾಣೇಬೆನ್ನೂರಿನಲ್ಲಿ ಬಸ್ಸು ಹತ್ತಿದೆ. ಬ್ಯಾಡಗಿ ಮೇಲೆ ಹಾದುಹೋಗುವ ಬಸ್ಸು. ಊರು ಕಣ್ಣಿಗೆ ಬೀಳುವ ಮೊದಲೇ ಕಿಟಕಿಯಿಂದ ಮೆಣಸಿನಕಾಯಿಯ ಘಾಟು ಒಳಗೆ ಬಂತು. ಮುಂದಿನ ಸೀಟಿನ ಮಗು ಸೀನಿತು, ಅದರ ತಾಯಿ ಸೀನಿದಳು, ಆಮೇಲೆ ಸಾಲು ಹಿಡಿದು ಅರ್ಧ ಬಸ್ಸೇ ಸೀನಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಸುಗ್ಗಿಯಲ್ಲಿ ಬ್ಯಾಡಗಿ ದಾಟುವವರಿಗೆ ಅದು ಇದ್ದದ್ದೇ. ನಾನು ಮಾತ್ರ ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿಕೊಂಡು ಒಬ್ಬಳೇ ನಗುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನನ್ನೇ ನೋಡಿ, "ಯಾಕವ್ವಾ, ಘಾಟಿಗೆ ಎಲ್ಲಾರೂ ಅಳಾಕತ್ತಾರ, ನೀ ನಗತೀಯಲ್ಲ?" ಅಂದಳು.

ಏನು ಹೇಳಲಿ? ಒಂದು ಸುಗ್ಗಿಯ ಉದ್ದಕ್ಕೂ ನಾನು ಈ ಘಾಟನ್ನು ದಾಟಿ ಹೋಗಿ ಒಂದು ವಿದ್ಯೆ ಕಲಿತು ಬಂದೆ. ಇವತ್ತಿಗೂ ಈ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಎರಡೂ ಕೈಗಳು ತಾವಾಗಿಯೇ ಮುಂದೆ ಬಂದು, ಇಲ್ಲದ ಎರಡು ಹಿಡಿಕೆಗಳನ್ನು ಹಿಡಿದುಕೊಳ್ಳುತ್ತವೆ.

ನನ್ನ ಹೆಸರು ಶಾಹೀನ್. ರಾಣೇಬೆನ್ನೂರಿನಲ್ಲಿ ಎಲುಬು-ಕೀಲಿನ ಡಾಕ್ಟರ್. ಹುಟ್ಟಿ ಬೆಳೆದದ್ದೂ ಅಲ್ಲೇ. ಹುಬ್ಬಳ್ಳಿಯಲ್ಲಿ ಓದು ಮುಗಿಸಿ, ಊರಿನ ಒಂದು ನಡುಗಾತ್ರದ ಆಸ್ಪತ್ರೆ ಸೇರಿ ಆಗ ಕೆಲವು ವರ್ಷಗಳಾಗಿದ್ದವು. ಮುರಿದ ಎಲುಬು ಕೂಡಿಸುವುದೆಂದರೆ ನನಗೆ ಅಂಜಿಕೆ ಇರಲಿಲ್ಲ. ಟ್ರ್ಯಾಕ್ಟರಿನಿಂದ ಬಿದ್ದವರು, ಹೋರಿಯಿಂದ ಹಾಯಿಸಿಕೊಂಡವರು, ಹೆದ್ದಾರಿಯಲ್ಲಿ ಬೈಕು ಜಾರಿದವರು, ಎಲ್ಲರನ್ನೂ ಪ್ಲೇಟು, ಸ್ಕ್ರೂ ಹಾಕಿ ನಡೆಸಿ ಕಳಿಸುತ್ತಿದ್ದೆ. ಅಲ್ಲಿ ಚರ್ಮ ತೆರೆದರೆ ಎಲುಬು ಕಣ್ಣೆದುರೇ ಇರುತ್ತದೆ. ಬೆರಳಿನಿಂದ ಮುಟ್ಟಿ ನೋಡಬಹುದು.

ಕೀಲಿನ ಒಳಗಿನ ತೊಂದರೆ ಹಾಗಲ್ಲ. ಮೊಣಕಾಲಿನ ಎರಡು ಎಲುಬುಗಳ ನಡುವೆ ಅರ್ಧಚಂದ್ರದ ಆಕಾರದ ಮೆತ್ತನೆಯ ಗಾದಿಗಳಿವೆ. ಕಾಲು ತಿರುಚಿದಾಗ ಅವು ಹರಿಯುತ್ತವೆ. ಅವನ್ನು ಸರಿಮಾಡಲು ಇಡೀ ಮೊಣಕಾಲನ್ನು ತೆರೆಯುವ ಕಾಲ ಹೋಯಿತು. ಈಗ ಎರಡು ಸಣ್ಣ ತೂತು ಸಾಕು. ಒಂದರಿಂದ ಪೆನ್ಸಿಲಿಗಿಂತ ಸಪೂರದ ಕ್ಯಾಮೆರಾ ಒಳಗೆ ಹೋಗುತ್ತದೆ, ಇನ್ನೊಂದರಿಂದ ಸಲಕರಣೆ. ಒಳಗೆ ನೀರು ಹರಿಯುತ್ತಿರುತ್ತದೆ. ಡಾಕ್ಟರು ಕಾಲನ್ನು ನೋಡುವುದೇ ಇಲ್ಲ. ಎದುರಿನ ಪರದೆಯನ್ನು ನೋಡುತ್ತ ಕೈಯಾಡಿಸಬೇಕು.

ಓದುವಾಗ ನಾನು ಇದನ್ನು ಎಷ್ಟೋ ಸಲ ನೋಡಿದ್ದೆ, ಹಿರಿಯರಿಬ್ಬರ ಭುಜಗಳ ಸಂದಿಯಿಂದ. ಕ್ಯಾಮೆರಾ ನನ್ನ ಕೈಗೆ ಬರುವ ಹೊತ್ತಿಗೆ ಹೊಲಿಗೆ ಹಾಕುವ ಹೊತ್ತಾಗಿರುತ್ತಿತ್ತು. ಅದರಲ್ಲಿ ಯಾರ ತಪ್ಪೂ ಇಲ್ಲ. ಕೀಲಿನೊಳಗಿನ ಎಲುಬಿನ ತುದಿಗೆ ಗಾಜಿನಷ್ಟು ನುಣುಪಾದ ಬಿಳಿಯ ಹೊದಿಕೆ ಇರುತ್ತದೆ. ಒಮ್ಮೆ ಗೀರು ಬಿದ್ದರೆ ಅದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಕಲಿಯುವವರ ಕೈಗೆ ಅಂಥ ಜಾಗವನ್ನು ಯಾರು ಕೊಡುತ್ತಾರೆ?

ಹಾಗಾಗಿ ಊರಿಗೆ ಬಂದ ಮೇಲೆ ಅಂಥ ರೋಗಿಗಳಿಗೆಲ್ಲ ನಾನು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗಿರೆಂದು ಚೀಟಿ ಬರೆದುಕೊಡುತ್ತಿದ್ದೆ. ಕೆಲವರು ಹೋಗುತ್ತಿದ್ದರು. ಹೋಗದವರೇ ಹೆಚ್ಚು. ಹಲಗೇರಿಯ ಒಬ್ಬ ಪಿ.ಟಿ. ಮಾಸ್ತರರು ನನ್ನ ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು, ಕುರ್ಚಿಯಲ್ಲಿ ಕೂತೇ ಮಕ್ಕಳಿಗೆ ಕಬಡ್ಡಿ ಆಡಿಸುತ್ತಿದ್ದರು. ಅವರನ್ನು ದಾರಿಯಲ್ಲಿ ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಆಸ್ಪತ್ರೆಗೆ ಕ್ಯಾಮೆರಾ ಸೆಟ್ ಬಂತು. ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ದೇಸಾಯಿ ಸರ್ ಬಂದು ಆಪರೇಷನ್ ಮಾಡುವುದೆಂದಾಯಿತು. ದೇಸಾಯಿ ಸರ್ ನನಗೆ ಕಲಿಸಿದವರು, ನಿವೃತ್ತರು, ಮಾತು ಬಹಳ ಕಡಿಮೆ. ಮೊದಲ ದಿನವೇ ನನ್ನನ್ನು ಕರೆದು, "ಶಾಹೀನ್, ಹಾವೇರಿಗೆ ಇದನ್ನ ಕಲಸೂ ಒಂದು ಮಷೀನ್ ಬಂದೈತಿ. ಸುಗ್ಗಿ ಮುಗಿಯೂತನಾ ಅಲ್ಲಿರತೈತಿ, ಆಮ್ಯಾಲೆ ಬ್ಯಾರೆ ಜಿಲ್ಲಾಕ ಹೋಗತೈತಿ. ದಿನಾ ಮಧ್ಯಾಹ್ನ ಹೋಗು" ಅಂದರು. ವಾರದಲ್ಲಿ ಎರಡು ದಿನ ಅವರೂ ಅಲ್ಲಿಗೆ ಬಂದು ಕಲಿಸುವವರಿದ್ದರು.

ಮಷೀನನ್ನು ಹಾವೇರಿಯ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿಟ್ಟಿದ್ದರು. ಮೇಜಿನ ಮೇಲೆ ತೊಡೆಯಿಂದ ಮೀನಖಂಡದವರೆಗೆ ಒಂದು ರಬ್ಬರ್ ಕಾಲು, ಮೊಣಕಾಲಿನ ಮುಂದೆ ಆ ಕಡೆ ಈ ಕಡೆ ಎರಡು ತೂತು, ಎರಡು ಹಿಡಿಕೆ, ಎದುರಿಗೆ ಪರದೆ. ಹಿಡಿಕೆಗಳನ್ನು ತೂತಿನಲ್ಲಿ ತೂರಿಸಿದರೆ ಪರದೆಯ ಮೇಲೆ ಮೊಣಕಾಲಿನ ಒಳಭಾಗ ಮೂಡುತ್ತದೆ, ಥೇಟ್ ಖರೇ ಕಾಲಿನ ಹಾಗೆ. ಎಲುಬು ತಾಗಿದರೆ ಕೈಗೆ ಗಟ್ಟಿಯಾಗುತ್ತದೆ, ಗಾದಿ ತಾಗಿದರೆ ಮೆತ್ತಗಾಗುತ್ತದೆ. ಬಿಳಿಯ ಹೊದಿಕೆಗೆ ಗೀರಿದರೆ ಅಲ್ಲಿ ಕೆಂಪು ಬರೆ ಮೂಡುತ್ತದೆ, ಮಷೀನು ಗುರ್ರ್ ಅನ್ನುತ್ತದೆ.

ನಾನು ಹೋದ ಮೊದಲ ದಿನ ಅದು ಗುರ್ರ್ ಅನ್ನುವುದನ್ನು ನಿಲ್ಲಿಸಲೇ ಇಲ್ಲ.

ಕ್ಯಾಮೆರಾದ ತುದಿ ನೇರಕ್ಕೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ನಾನು ಮುಂದೆ ಹೋಗುತ್ತಿದ್ದೇನೆ ಅಂದುಕೊಂಡರೆ ಪಕ್ಕದ ಗೋಡೆಗೆ ಗುದ್ದಿರುತ್ತಿದ್ದೆ. ಎಡಕ್ಕೆಂದು ಕೈ ಆಡಿಸಿದರೆ ಚಿತ್ರ ಬೇರೆಲ್ಲಿಗೋ ಓಡುತ್ತಿತ್ತು. ಬಲಗೈಯ ಸಲಕರಣೆ ಮೊಣಕಾಲಿನೊಳಗೇ ಇದೆ, ಆದರೆ ಪರದೆಯ ಮೇಲೆ ಇಲ್ಲ. ಹುಡುಕುತ್ತ ಹುಡುಕುತ್ತ ಕಣ್ಣು ಕೈಯ ಕಡೆ ಹೊರಳುತ್ತಿತ್ತು.

"ಕೈ ಕಡೆ ನೋಡಬ್ಯಾಡ," ಅನ್ನುತ್ತಿದ್ದರು ಹಿಂದೆ ಕುರ್ಚಿ ಹಾಕಿಕೊಂಡು ಕೂತ ದೇಸಾಯಿ ಸರ್. "ಕೈ ಎಲ್ಲಿ ಹೋದೀತು? ನಿನ್ನ ತೋಳಿಗೇ ಐತಿ."

ಸಂಜೆಯ ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ತೋಳುಗಳು ಜೋತುಬೀಳುತ್ತಿದ್ದವು. ಆದರೂ ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ ತಿರುಗಿಸುತ್ತ ಅಂದಿನ ಪಾಠವನ್ನು ಮತ್ತೆ ಮಾಡಿಕೊಳ್ಳುತ್ತಿದ್ದೆ. ಹಾಗೆ ಕೂತಿದ್ದಾಗಲೇ ತಲೆಯ ಮೇಲೊಂದು ದನಿ ಬಂತು:

"ಡಾಕ್ಟರ್ ಬಾಯಾರ, ಕೈಯಾಗ ಏನ್ ಹಿಡಕೊಂಡೀರಿ? ನನಗಂತೂ ಏನೂ ಕಾಣವಲ್ದು."

ಅದು ಬಸ್ಸಿನ ಕಂಡಕ್ಟರ್ ಗಿರಿಜಕ್ಕ. ಅಗಡಿಯವಳು. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಚೂಡಿದಾರದ ಮೇಲೆ ಖಾಕಿ ಅಂಗಿ, ಕೊರಳಿಗೆ ಟಿಕೆಟ್ ಮಷೀನು, ಕೊನೆಯ ಸೀಟಿನವರೆಗೂ ಮುಟ್ಟುವ ಕಂಠ. ಹೋಗುವಾಗಲೂ ಬರುವಾಗಲೂ ಬಹುತೇಕ ಅವಳದೇ ಬಸ್ಸು ಸಿಗುತ್ತಿತ್ತು. ನಾನು ರಬ್ಬರ್ ಕಾಲಿನ ವಿಷಯ ಹೇಳಿದೆ. ಅವಳು ನಿಂತಲ್ಲೇ ಕೇಳಿಸಿಕೊಂಡಳು. ಆಮೇಲೆ, "ಅಂದ್ರ ನಮ್ಮ ಡ್ರೈವರ್ ಮಂದಿಗೆ ಎಂಟು ಹಾಕಿ ತೋರಸು ಅಂತಾರಲ್ಲ, ಹಂಗ. ಮೊದ್ಲ ಮೈದಾನದಾಗ, ಆಮ್ಯಾಲೆ ರೋಡಿನ್ಯಾಗ" ಅಂದಳು.

"ಹೌದು ನೋಡ್ರಿ, ಹಂಗ."

"ಇವತ್ತ ಎಷ್ಟು ಕಾಲು ಕೆಡಿಸಿದ್ರಿ?"

"ಎಲ್ಲಾನೂ."

ಅವಳು ನಕ್ಕ ನಗುವಿಗೆ ಡ್ರೈವರು ಕನ್ನಡಿಯಲ್ಲಿ ನೋಡಿದ.

ಅಂದಿನಿಂದ ಅದು ಬಸ್ಸಿನ ದಿನದ ಸುದ್ದಿಯಾಯಿತು. ನಾನು ಹತ್ತುತ್ತಲೇ, "ಬಾಯಾರ, ಇವತ್ತ ಹೆಂಗಾತ್ರಿ?" ಅನ್ನುವಳು. ನಾನೂ ಮುಚ್ಚಿಡುತ್ತಿರಲಿಲ್ಲ. ಮೇಲಿನ ಎಲುಬಿಗೆ ಗೀರಿದೆ, ಕ್ಯಾಮೆರಾ ತಲೆಕೆಳಗಾಯಿತು, ಸಲಕರಣೆ ಕಳೆದುಹೋಯಿತು. ಅವಳು ಟಿಕೆಟ್ ಹರಿಯುತ್ತಲೇ ಅದನ್ನು ಹಿಂದಿನ ಸೀಟಿನವರಿಗೆ ಮುಟ್ಟಿಸುವಳು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹಾಕಿ ಮರಳುತ್ತಿದ್ದ ರೈತರು, "ಏ ಬಿಡ್ರಿ, ನಾಳೆ ಸರಿ ಆಕ್ಕೈತಿ" ಎಂದು ಸಮಾಧಾನ ಹೇಳುತ್ತಿದ್ದರು. ಮನೆಗೆ ಬಂದರೆ ಅಮ್ಮಿ ಬಾಗಿಲಲ್ಲೇ ನನ್ನ ದುಪಟ್ಟಾ ಕಸಿದುಕೊಂಡು ಜಾಡಿಸುತ್ತಿದ್ದರು. ಅವರಿಗೂ ಸೀನು, ನನಗೂ ಸೀನು.

ಹಾಗೆ ಎಷ್ಟೋ ವಾರ ಹೋದವು. ನಾನು ಸ್ವಲ್ಪ ಸುಧಾರಿಸಿದ್ದೆ, ಆದರೆ ಒಂದು ಕಡೆ ಬಂದು ನಿಂತುಬಿಟ್ಟಿದ್ದೆ. ಬಲಗಾಲಿನ ಪಾಠದಲ್ಲಿ ಕ್ಯಾಮೆರಾ ಎಡಗೈಗೆ, ಸಲಕರಣೆ ಬಲಗೈಗೆ ಬರುತ್ತದೆ. ಅದರಲ್ಲಿ ನನ್ನ ಬಲಗೈ ಎಡವುತ್ತಲೇ ಇತ್ತು. ಒಂದು ಮಧ್ಯಾಹ್ನ ದೇಸಾಯಿ ಸರ್ ಸುಮ್ಮನೆ ಎದ್ದು ಬಂದು ರಬ್ಬರ್ ಕಾಲು ಬದಲಿಸಿದರು. ಎಡಗಾಲು ಇಟ್ಟರು. ಅಲ್ಲಿ ಎಲ್ಲ ತಿರುವುಮುರುವು. ಕ್ಯಾಮೆರಾ ಬಲಗೈಗೆ, ಸಲಕರಣೆ ಎಡಗೈಗೆ. ನಾನು ಶುರುಮಾಡಿದೆ. ಸಲಕರಣೆ ಹೇಳಿದಲ್ಲಿಗೆ ಹೋಯಿತು, ಹೇಳಿದ್ದನ್ನು ಮುಟ್ಟಿತು. ಮಷೀನು ಒಮ್ಮೆಯೂ ಗುರ್ರ್ ಅನ್ನಲಿಲ್ಲ.

ಸರ್ ನನ್ನ ಎಡಗೈಯನ್ನೇ ನೋಡುತ್ತಿದ್ದರು. "ನೀ ಎಡಚಿ ಏನವಾ?"

ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ನಾನು ಎಲ್ಲವನ್ನೂ ಎಡಗೈಯಲ್ಲೇ ಮಾಡುತ್ತಿದ್ದೆ. ಅಮ್ಮಿ ಊಟಕ್ಕೆ ಬಲಗೈ ರೂಢಿ ಮಾಡಿಸಿದರು, ಶಾಲೆಯಲ್ಲಿ ಬರಹಕ್ಕೆ ಬಲಗೈ ರೂಢಿ ಮಾಡಿಸಿದರು, ಆಪರೇಷನ್ ಕೋಣೆಯಲ್ಲಿ ಕತ್ತರಿಯೂ ಬಲಗೈಯದೇ ಇರುತ್ತಿತ್ತು. ಎಡಗೈ ಅಂದರೆ ಮರೆಯಲ್ಲಿಡಬೇಕಾದ ಕೈ ಎಂದೇ ನಾನು ಬೆಳೆದಿದ್ದೆ. ಅಳುಕುತ್ತಲೇ ಹೌದೆಂದೆ.

ನಾನು ನೋಡಿದಂತೆ ಸರ್ ಅಷ್ಟು ಮಾತಾಡಿದ್ದು ಆ ಒಂದು ದಿನ. "ಹುಚ್ಚಿ, ಇದನ್ನ ಮೊದ್ಲ ಹೇಳಬಾರದೇನು? ಬಲಗಾಲಿನ್ಯಾಗ ನಾವೆಲ್ಲಾ ಕ್ಯಾಮೆರಾನ ದಡ್ಡ ಕೈಯಾಗ ಹಿಡೀತೀವಿ. ನಿನಗ ಅದು ಶಾಣ್ಯಾ ಕೈಯಾಗ ಬರತೈತಿ. ಚಿತ್ರ ಅಲುಗಾಡದಂಗ ನಿಂತರ ಅರ್ಧ ಕೆಲಸ ಮುಗೀತು. ನೀ ಬಲಗೈ ಬೆನ್ನು ಹತ್ತಿ ಬಡದಾಡಾಕತ್ತಿ. ಅದನ್ನ ಬಿಡು. ಎಡಗೈ ಮೊದ್ಲ ನೋಡಲಿ, ಬಲಗೈ ಸಾವಕಾಶ ಬರಲಿ."

ಮತ್ತೆ ಬಲಗಾಲು ಇಟ್ಟರು. ನಾನು ಎಡಗೈಯಿಂದ ನೋಡತೊಡಗಿದೆ. ಅವಸರ ಮಾಡಲಿಲ್ಲ. ಮೂಲೆ ಮೂಲೆಗೂ ಕ್ಯಾಮೆರಾ ಒಯ್ದು, ತಿರುಗಿಸಿ, ಹಿಂದೆ ಎಳೆದು, ಇಡೀ ಮೊಣಕಾಲಿನ ಒಳಮನೆಯನ್ನು ಸುತ್ತಿ ಬಂದೆ. ಆಮೇಲೆ ಬಲಗೈಯನ್ನು ಕರೆದೆ. ಅದು ಬಂತು. ಪರದೆಯ ನಟ್ಟನಡುವೆ ಸಲಕರಣೆಯ ಮೂತಿ ಇಣುಕಿತು. ಆ ಕ್ಷಣ ನನಗೆ ಕಿರುಚಬೇಕೆನ್ನಿಸಿತು. ಕಿರುಚಲಿಲ್ಲ, ಸಂಜೆ ಬಸ್ಸಿನಲ್ಲಿ ಗಿರಿಜಕ್ಕನ ಕೈ ಹಿಡಿದು ಹೇಳಿದೆ. ಅವಳು ಅಂದು ನನ್ನ ಪರವಾಗಿ ಇಡೀ ಬಸ್ಸಿಗೆ ಕಿರುಚಿದಳು: "ಏ, ಇವತ್ತ ಬಾಯಾರು ಒಂದು ಕಾಲೂ ಕೆಡಿಸಿಲ್ರಪೋ!"

ಅಲ್ಲಿಂದ ಮುಂದೆ ಕಲಿಕೆ ಸರಾಗವಾಯಿತು. ದೇಸಾಯಿ ಸರ್ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ ಮಾಡುವಾಗ ನನ್ನ ಕೈಗೆ ಕ್ಯಾಮೆರಾ ಕೊಡತೊಡಗಿದರು. ಮೊದಲು ಬರೀ ನೋಡುವುದು, ಆಮೇಲೆ ಸಡಿಲಾದ ಚೂರುಗಳನ್ನು ತೆಗೆಯುವುದು. ಸುಲಭದ ಕೆಲಸಗಳು. ಗಾದಿ ಹೊಲಿಯುವಂಥದ್ದನ್ನು ಮಾತ್ರ ಅವರೇ ಮಾಡುತ್ತಿದ್ದರು. ನಾನೂ ಕೇಳಿರಲಿಲ್ಲ.

ಸುಗ್ಗಿ ಅದರ ತುದಿಗೆ ಬಂದಿತ್ತು. ಬ್ಯಾಡಗಿಯ ರಸ್ತೆಗಳಲ್ಲಿ ಚೀಲ ಹೇರಿಕೊಂಡ ಗಾಡಿಗಳು ಒಂದರ ಹಿಂದೊಂದು ನಿಂತು, ಬಸ್ಸು ಒಳಗೆ ಹೋಗುವುದೂ ಕಷ್ಟ, ಹೊರಗೆ ಬರುವುದೂ ಕಷ್ಟ. ಒಂದು ದಿನ ಬ್ಯಾಡಗಿ ಸ್ಟ್ಯಾಂಡಿನಿಂದ ಹೊರಡುವಾಗ ಬಸ್ಸನ್ನು ಹಿಂದಕ್ಕೆ ತೆಗೆಯಬೇಕಾಗಿತ್ತು. ಗಿರಿಜಕ್ಕ ಕೆಳಗಿಳಿದು, ಹಿಂದೆ ಹೋಗಿ, ಸೀಟಿ ಊದುತ್ತ ಕೈ ಬೀಸುತ್ತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಯಾರೋ ಬಿಸಾಡಿದ್ದ ಗೋಣಿಚೀಲದ ದಾರ ಅವಳ ಬಲಪಾದಕ್ಕೆ ಸುತ್ತಿಕೊಂಡಿದ್ದು ಅವಳಿಗೆ ಗೊತ್ತಾಗಲಿಲ್ಲ. ಗಕ್ಕನೆ ತಿರುಗಿದಳು. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಸೀಟಿ ನಿಂತಿತು.

ನಾನು ಇಳಿದು ಓಡಿದೆ. ಅವಳು ನೆಲಕ್ಕೆ ಕೂತು ಮೊಣಕಾಲನ್ನು ಎರಡೂ ಕೈಯಿಂದ ಅಪ್ಪಿಕೊಂಡಿದ್ದಳು. ಕಾಲು ಅರ್ಧ ಮಡಿಚಿತ್ತು. ಚಾಚಲು ಹೋದರೆ ಒಳಗೆ ಏನೋ ಅಡ್ಡ ನಿಂತು ಚಾಚಗೊಡುತ್ತಿರಲಿಲ್ಲ.

"ಬಾಯಾರ, ಕಾಲು ಸಿಗಿಬಿದ್ದೈತ್ರಿ," ಅಂದಳು. ಆ ಕಂಠದಲ್ಲಿ ಅಷ್ಟು ಸಣ್ಣ ದನಿಯಿದೆಯೆಂದು ನನಗೆ ಗೊತ್ತಿರಲಿಲ್ಲ.

ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದೆ. ಸ್ಕ್ಯಾನಿಂಗ್ ನೋಡುವ ಮೊದಲೇ ನನಗೆ ಅಂದಾಜಾಗಿತ್ತು. ನೋಡಿದ ಮೇಲೆ ಖಾತ್ರಿಯಾಯಿತು. ಒಳಬದಿಯ ಗಾದಿ ಉದ್ದಕ್ಕೆ ಹರಿದು, ಬಕೆಟ್ಟಿನ ಹಿಡಿಕೆ ಮಗುಚಿದ ಹಾಗೆ ಕೀಲಿನ ನಡುವೆ ಬಂದು ಬಿದ್ದಿತ್ತು. ಅದನ್ನು ಸ್ವಸ್ಥಾನಕ್ಕೆ ತಳ್ಳಿ ಹೊಲಿಯಬೇಕು. ಹೊಲಿದರೆ ಕಾಲು ಮೊದಲಿನಂತಾಗುತ್ತದೆ. ಹೊಲಿಯಲಾಗದೆ ಕತ್ತರಿಸಿ ತೆಗೆದರೆ ನಾಳೆ ನಡೆಯುತ್ತಾಳೆ ನಿಜ, ಆದರೆ ದಿನವಿಡೀ ಬಸ್ಸಿನಲ್ಲಿ ನಿಂತೇ ದುಡಿಯುವ ಹೆಂಗಸಿನ ಮೊಣಕಾಲು ಕೆಲವೇ ವರ್ಷಗಳಲ್ಲಿ ಸವೆದುಹೋಗುತ್ತದೆ. ಬಹಳ ದಿನ ಕಾಯುವ ಹಾಗೂ ಇರಲಿಲ್ಲ.

ಅವಳ ಗಂಡ ಫಕ್ಕೀರಪ್ಪ ಅಗಡಿಯಿಂದ ಬಂದ. ಹೊಲದ ಕೆಲಸ ಬಿಟ್ಟು ಹಾಗೇ ಬಂದಿದ್ದ. ನಾನು ಇಬ್ಬರಿಗೂ ಎಲ್ಲವನ್ನೂ ಬಿಡಿಸಿ ಹೇಳಿ, "ಹುಬ್ಬಳ್ಳಿಗೆ ಬರೆದುಕೊಡ್ತೇನಿ, ನಾಳೆನ ಹೋಗ್ರಿ, ಅಲ್ಲಿ ಲಗೂನ ಆಗತೈತಿ" ಅಂದೆ.

ಫಕ್ಕೀರಪ್ಪ ಎದ್ದು ನಿಂತ. ಗಿರಿಜಕ್ಕ ಏಳಲಿಲ್ಲ. "ಇಲ್ಲೇ ಮಾಡಾಕ ಬರೂದಿಲ್ಲೇನ್ರಿ?"

"ಬರತೈತಿ. ಬರೂ ವಾರ ದೇಸಾಯಿ ಸರ್ ಬರತಾರ, ಅವರು ಮಾಡ್ತಾರ."

"ನೀವು?"

"ನಾ ಜೋಡಿ ಇರತೇನಿ."

"ನೀವ ಮಾಡ್ರಿ," ಅಂದಳು.

ಫಕ್ಕೀರಪ್ಪ ಸಿಟ್ಟಾದ. "ಗಿರಿಜಾ, ಶಾಣ್ಯಾಕಿ ಆಗು. ದಿನಾ ಮನಿಗೆ ಬಂದು ನೀನ ಹೇಳತಿದ್ದಿ, ಬಾಯಾರು ಇವತ್ತೂ ಕಾಲು ಕೆಡಿಸಿದ್ರು ಅಂತ. ಈಗ ನಿನ್ನ ಕಾಲು ಕೊಡತೀಯೇನು?" ಎಂದವನು ನನ್ನ ಕಡೆ ತಿರುಗಿ, "ತಪ್ಪು ತಿಳೀಬ್ಯಾಡ್ರಿ ಮೇಡಂ" ಅಂದ.

ನಾನು ತಪ್ಪು ತಿಳಿಯಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಗಿರಿಜಕ್ಕ ಮಾತ್ರ ಅಲುಗಲಿಲ್ಲ. "ಹೌದು, ಕೆಡಿಸ್ಯಾರ. ಎಲ್ಲಿ, ಹೆಂಗ ಕೆಡಿಸ್ಯಾರ, ನನಗ ಗೊತ್ತೈತಿ. ಯಾವಾಗಿಂದ ಕೆಡಸೂದು ಬಿಟ್ಟಾರ, ಅದೂ ಗೊತ್ತೈತಿ. ಹುಬ್ಬಳ್ಳಿಯವರು ಯಾರ ಕಾಲಿನ್ಯಾಗ ಕಲ್ತಾರೋ ನನಗೇನ ಗೊತ್ತು? ಇವರು ರಬ್ಬರಿನ್ಯಾಗ ಕಲ್ತಾರ."

ನಾನು ದೇಸಾಯಿ ಸರ್‌ಗೆ ಫೋನ್ ಮಾಡಿದೆ. ಅವರು ಬೇಡವೆನ್ನಲಿ ಎಂದೇ ಆಸೆಪಟ್ಟು ಮಾಡಿದ್ದು. ಅವರು, "ಮಷೀನಿನ್ಯಾಗ ಅದರ ಪಾಠ ಐತಿ. ಈ ವಾರ ಅದೊಂದ ಮಾಡು. ನಾ ಬಂದು ನೋಡತೇನಿ, ಆಮ್ಯಾಲೆ ಹೇಳತೇನಿ. ಥೇಟರಿನ್ಯಾಗ ನಾ ಕೈ ತೊಳಕೊಂಡ ನಿಂತಿರತೇನಿ. ಬ್ಯಾಡ ಅನಸಿದ ಕೂಡಲೇ ಬಿಟ್ಟು ಸರಕೊ" ಅಂದರು. ಇದನ್ನೂ ಹಾಗೇ ಗಂಡ-ಹೆಂಡತಿಗೆ ತಿಳಿಸಿದೆ. ಫಕ್ಕೀರಪ್ಪ ಹೆಂಡತಿಯ ಮುಖ ನೋಡಿ, "ದೊಡ್ಡ ಡಾಕ್ಟ್ರು ಅಲ್ಲೇ ಇರತಾರಲ್ರಿ?" ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ಹೂಂ ಅಂದ.

ಆ ವಾರ ಬಸ್ಸಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಯಾರೂ ಏನೂ ಕೇಳುತ್ತಿರಲಿಲ್ಲ. ಆ ಮೌನ ನನಗೆ ಸಹಿಸಲಾಗುತ್ತಿರಲಿಲ್ಲ. ಮಷೀನಿನಲ್ಲಿ ಹರಿದ ಗಾದಿಯ ಪಾಠ ತೆಗೆದು, ತಳ್ಳುವುದು, ಕೂರಿಸುವುದು, ಹೊಲಿಯುವುದು. ಮತ್ತೆ ಅಳಿಸಿ ಮತ್ತೆ ಅದೇ. ಅಲ್ಲಿ ರಕ್ತ ಬಂದು ಪರದೆ ಕೆಂಪಾಗುವ ಒಂದು ಪಾಠವೂ ಇತ್ತು. ಏನೂ ಕಾಣದಿದ್ದಾಗ ಏನೂ ಮಾಡದೆ, ಸಲಕರಣೆ ಹಿಂದೆಳೆದು, ನೀರು ತಿಳಿಯಾಗುವವರೆಗೆ ತಡೆಯುವುದು. ಸುಮ್ಮನಿರುವುದನ್ನು ಕಲಿಯಲು ನನಗೆ ಎಲ್ಲಕ್ಕಿಂತ ಹೆಚ್ಚು ಕಷ್ಟವಾಯಿತು. ಸರ್ ಬಂದರು, ಹಿಂದೆ ಕೂತು ನೋಡಿದರು, ಮತ್ತೊಮ್ಮೆ ಅಂದರು, ಮತ್ತೊಮ್ಮೆ ಅಂದರು. ಕೊನೆಗೆ ಚಹಾ ತರಿಸಿದರು. ಅದೇ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ಆಪರೇಷನ್ ದಿನ ಬೆಳಿಗ್ಗೆ ಅಮ್ಮಿ ನನ್ನ ತಟ್ಟೆಗೆ ಚಪಾತಿ ಹಾಕಿದರು. ತಿನ್ನಲಾಗದೆ ಎದ್ದೆ. ಅವರು ನನ್ನ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ದುವಾ ಓದಿ ಅದರ ಮೇಲೆ ಊದಿದರು. ಬಲಗೈಯನ್ನಲ್ಲ, ಎಡಗೈಯನ್ನು.

ಗಿರಿಜಕ್ಕನಿಗೆ ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗೆ ಜೋಮು ಬರಿಸಿದ್ದರು. ಎಚ್ಚರವಾಗಿಯೇ ಇದ್ದಳು. ನಡುವೆ ಹಸಿರು ಪರದೆ. ಅದರಾಚೆಯಿಂದ ಅವಳ ದನಿ ಮಾತ್ರ ಬರುತ್ತಿತ್ತು.

"ಬಾಯಾರ, ಶುರು ಆತೇನ್ರಿ?"

"ಶುರು ಆತು ಗಿರಿಜಕ್ಕಾ."

ಎಡಗೈಯಲ್ಲಿ ಕ್ಯಾಮೆರಾ ಒಳಗೆ ಹೋಯಿತು. ನೀರು ತುಂಬಿತು, ಎದುರಿನ ಕ್ಯಾಮೆರಾ ಪರದೆ ಬೆಳಗಿತು. ರಬ್ಬರ್ ಕಾಲಿನಲ್ಲಿ ನಾನು ಅಷ್ಟು ಸಲ ಸುತ್ತಿದ ಒಳಮನೆಯೇ, ಆದರೆ ಜೀವಂತ. ನುಣ್ಣನೆಯ ಬಿಳಿ ಎಲುಬು ಎಳೆಗೊಬ್ಬರಿಯ ಹಾಗೆ ಹೊಳೆಯುತ್ತಿತ್ತು. ಅದರ ಮುಂದೆ, ಬರಬಾರದ ಜಾಗದಲ್ಲಿ, ದಪ್ಪಗೆ ಅಡ್ಡ ಬಿದ್ದಿತ್ತು ಆ ಹರಿದ ಗಾದಿ. ದೇಸಾಯಿ ಸರ್ ನನ್ನ ಪಕ್ಕದಲ್ಲಿ, ಕೈಗವಸು ತೊಟ್ಟ ಕೈಗಳನ್ನು ಎದೆಗೆ ಕಟ್ಟಿ ನಿಂತಿದ್ದರು.

ಬಲಗೈಯನ್ನು ಕರೆದೆ. ಸಲಕರಣೆಯ ಮೊಂಡು ತುದಿ ಬಂದು ಗಾದಿಗೆ ತಾಗಿತು. ತಳ್ಳಿದೆ. ಸರಿಯಲಿಲ್ಲ. ಇನ್ನಷ್ಟು ಒತ್ತಬಹುದಿತ್ತು; ಒತ್ತಿದರೆ ಜಾರಿ ಬಿಳಿಯ ಹೊದಿಕೆಗೆ ಬಡಿಯುತ್ತದೆಂದು ಮಷೀನು ನನಗೆ ಎಷ್ಟೋ ಸಲ ಗುರ್ರ್ ಎಂದು ಹೇಳಿಕೊಟ್ಟಿತ್ತು. ಸಹಾಯಕ್ಕಿದ್ದ ನರ್ಸಿಗೆ ಕಾಲನ್ನು ಸ್ವಲ್ಪ ಹೊರಕ್ಕೆ ವಾಲಿಸಿ ಹಿಡಿಯಲು ಹೇಳಿದೆ. ಸಂದು ತೆರೆಯಿತು. ಮತ್ತೆ ತಳ್ಳಿದೆ.

ಅಷ್ಟರಲ್ಲಿ ಪರದೆಯ ಮೂಲೆಯಿಂದ ಕೆಂಪು ಎದ್ದಿತು. ಹೊಗೆಯ ಹಾಗೆ ಹಬ್ಬಿ ಎಲ್ಲವನ್ನೂ ಮುಚ್ಚಿತು. ಏನೂ ಕಾಣದು. ದೇಸಾಯಿ ಸರ್ ಕೈ ಬಿಚ್ಚಿದ್ದು ಓರೆಗಣ್ಣಿಗೆ ಕಂಡಿತು. ಸರಿದುಬಿಡಲೇ ಎನ್ನಿಸಿತು. ಆದರೆ ನನ್ನ ಬಲಗೈ ಆಗಲೇ ತಾನಾಗಿ ಹಿಂದೆ ಬಂದಿತ್ತು, ಎಡಗೈ ಇದ್ದಲ್ಲೇ ನಿಂತಿತ್ತು. "ನೀರು ಜೋರು ಮಾಡ್ರಿ," ಅಂದೆ. ಆಮೇಲೆ ಕಾದೆ.

"ಬಾಯಾರ, ಯಾಕ ಸುಮ್ನಾದ್ರಿ?" ಹಸಿರು ಪರದೆಯಾಚೆಯಿಂದ ದನಿ ಬಂತು.

"ನೀರು ತಿಳಿ ಆಗಲಿ ಅಂತ ಕಾಯಾಕತ್ತೇನಿ."

"ಕಾಯ್ರಿ, ಕಾಯ್ರಿ. ನಂದೇನೂ ಬಸ್ ಹೋಗೂದಿಲ್ಲ."

ಅರಿವಳಿಕೆ ಡಾಕ್ಟರು ಮುಸಿಮುಸಿ ನಕ್ಕರು. ಕೆಂಪು ತೆಳ್ಳಗಾಯಿತು, ಎಳೆಎಳೆಯಾಗಿ ಹರಿದುಹೋಯಿತು, ಮತ್ತೆ ಬಿಳಿ ಕಂಡಿತು. ದೇಸಾಯಿ ಸರ್ ಕೈಗಳನ್ನು ಮತ್ತೆ ಎದೆಗೆ ಕಟ್ಟಿಕೊಂಡರು. ನಾನು ಗಾದಿಯ ಅಂಚಿಗೆ ತುದಿಯನ್ನು ಇಟ್ಟು, ಒತ್ತದೆ, ದಾರಿ ತೋರಿಸುವ ಹಾಗೆ ನಡೆಸಿದೆ. ಅದು ಹೊರಳಿತು. ಒಮ್ಮೆಲೇ ತನ್ನ ಜಾಗಕ್ಕೆ ಹೋಗಿ ಕೂತಿತು. ಕೈಗೆ ಟಪ್ ಎಂದು ಸಣ್ಣಗೆ ತಾಗಿದ್ದು ನನಗೆ ಮಾತ್ರ ಗೊತ್ತು.

ಆಮೇಲಿನ ಹೊಲಿಗೆಗಳು ನಿಧಾನವಾದವು, ಆದರೆ ತಪ್ಪಲಿಲ್ಲ. ಕೊನೆಗೆ ಸರ್ ಹೇಳಿದಂತೆ ಕ್ಯಾಮೆರಾವನ್ನು ಇನ್ನೊಂದು ಸುತ್ತು ಒಯ್ದೆ. ಮೇಲೆ, ಕೆಳಗೆ, ಹಿಂದೆ. ಬಿಳಿಯ ಹೊದಿಕೆಯ ಮೇಲೆ ಒಂದು ಗೀರೂ ಇರಲಿಲ್ಲ. ಸರ್ ಪರದೆಯ ಹತ್ತಿರ ಮುಖ ಒಯ್ದು ನೋಡಿದರು. "ಹೊಲಿಗಿ ಹಾಕಿ ಹೊರಗ ಬಾ," ಎಂದಷ್ಟೇ ಹೇಳಿ, ಕೈಗವಸು ಬಿಚ್ಚಿ ಹೋದರು. ಆ ಕೈಗವಸುಗಳಿಗೆ ಒಂದು ಹನಿ ರಕ್ತವೂ ತಾಗಿರಲಿಲ್ಲ.

ನಾನು ಗಿರಿಜಕ್ಕನ ಕಾಲನ್ನು ಎತ್ತಿ ಮೆಲ್ಲಗೆ ಚಾಚಿದೆ. ಪೂರ್ತಿ ನೆಟ್ಟಗಾಯಿತು. ಜೋಮು ಹಿಡಿದಿದ್ದರಿಂದ ಅವಳಿಗೆ ತಿಳಿಯಲಿಲ್ಲ. ಹಸಿರು ಪರದೆ ಸರಿಸಿ ತೋರಿಸಿದೆ. ತನ್ನ ಕಾಲನ್ನೇ ಬೇರೆಯವರದೆಂಬಂತೆ ನೋಡಿ, "ನೆಟ್ಟಗ ಆತಲ್ರೀ ಬಾಯಾರ!" ಅಂದಳು. ಆಮೇಲೆ ಅತ್ತಳು. ಮಾಸ್ಕಿನೊಳಗೆ ನನ್ನದೂ ಅದೇ ಕಥೆ.

ಹೊರಗೆ ಫಕ್ಕೀರಪ್ಪ ನನ್ನ ಮುಖ ಕಂಡು ಗಾಬರಿಯಾದ. ಅತ್ತ ಗುರುತು ಇತ್ತಲ್ಲ. "ಚಲೋ ಆಗೇತಿ, ಚಲೋ ಆಗೇತಿ" ಎಂದು ನಾನು ಮತ್ತೆ ಮತ್ತೆ ಹೇಳಬೇಕಾಯಿತು. ಅವನು ಪಕ್ಕದ ಬೆಂಚಿನ ಮೇಲೆ ಕುಸಿದು ಕೂತು, ಟವೆಲಿನಿಂದ ಮುಖ ಮುಚ್ಚಿಕೊಂಡ. ಮಧ್ಯಾಹ್ನ ನಾನು ಮನೆಗೆ ಹೋಗಿ ಬೆಳಗಿನ ಚಪಾತಿಯನ್ನೂ ಮಧ್ಯಾಹ್ನದ ಅನ್ನವನ್ನೂ ಒಟ್ಟಿಗೇ ಉಂಡು ಮಲಗಿದೆ. ಎಷ್ಟೋ ವಾರಗಳ ಮೇಲೆ ಕನಸಿನಲ್ಲಿ ಪರದೆಯಿಲ್ಲದ ನಿದ್ದೆ.

ಅದಾದ ಕೆಲವೇ ದಿನಕ್ಕೆ ಮಷೀನನ್ನು ಪೆಟ್ಟಿಗೆಯಲ್ಲಿ ಕಟ್ಟಿ ಬೇರೆ ಜಿಲ್ಲೆಗೆ ಒಯ್ದರು. ಗಿರಿಜಕ್ಕ ಕೆಲ ಕಾಲ ಊರುಗೋಲಿನ ಮೇಲೆ ಓಡಾಡಿದಳು, ವ್ಯಾಯಾಮ ಮಾಡಿದಳು, ಕೆಲ ಕಾಲ ಡಿಪೋದಲ್ಲಿ ಕೂತು ಮಾಡುವ ಕೆಲಸ ಮಾಡಿದಳು. ಮಳೆಗಾಲ ಕಳೆಯುವ ಹೊತ್ತಿಗೆ ಮತ್ತೆ ಬಸ್ಸು ಹತ್ತಿದಳು. ಹಲಗೇರಿಯ ಮಾಸ್ತರರನ್ನು ನಾನೇ ಹೇಳಿ ಕಳಿಸಿ ಕರೆಸಿದೆ. ಅವರ ಕಾಲಿನ ಕೆಲಸವೂ ಆಯಿತು.

ಮುಂದೊಂದು ಬೆಳಿಗ್ಗೆ ಹೊರರೋಗಿಗಳ ಸಾಲಿನಲ್ಲಿ ಗಿರಿಜಕ್ಕ ಕಾಣಿಸಿದಳು. ನಾನು ಎದ್ದು ನಿಂತು ಅವಳ ಮೊಣಕಾಲನ್ನೇ ನೋಡಿದೆ. ಅವಳು ದಡದಡ ನಡೆದು ಒಳಗೆ ಬಂದಳು. ಹಿಂದೆ ಇನ್ನೊಬ್ಬ ಹೆಂಗಸು.

"ನಾ ಆರಾಮದೇನಿ, ಅಂಜಬ್ಯಾಡ್ರಿ. ಇಕಿ ನನ್ನ ನಾದಿನಿ, ಕರ್ಜಗಿಗೆ ಕೊಟ್ಟೀವಿ. ಕೈ ಎತ್ತಿ ಹೆರಳ ಹಾಕ್ಕೊಳ್ಳಾಕ ಬರವಲ್ದು. ಆ ಮಷೀನಿನ್ಯಾಗ ಭುಜಾನೂ ಇತ್ತೇನ್ರಿ?"

"ಇತ್ತು ಗಿರಿಜಕ್ಕಾ. ಆದ್ರ ನಾ ಭುಜ ಇನ್ನೂ ಕಲ್ತಿಲ್ಲ."

ಗಿರಿಜಕ್ಕ ನಾದಿನಿಯ ಕಡೆ ತಿರುಗಿ, "ನೋಡು, ನಾ ಹೇಳಿದ್ನಿಲ್ಲ? ಬರದಿದ್ರ ಬರೂದಿಲ್ಲ ಅಂತಾರ ಇವರು. ಕುಂದರು, ತೋರಸು" ಅಂದಳು.

ಕೂರಿಸಿ, ಕೈ ಎತ್ತಿಸಿ, ತಿರುಗಿಸಿ ನೋಡಿದೆ. ಭುಜ ಬಿಗಿದುಕೊಂಡಿತ್ತು, ಅಷ್ಟೇ. ಅದಕ್ಕೆ ತೂತೂ ಬೇಡ, ಕ್ಯಾಮೆರಾ ಬೇಡ. ದಿನಾ ಗೋಡೆಯ ಮೇಲೆ ಬೆರಳು ಏರಿಸುವ ವ್ಯಾಯಾಮ ಮಾಡಿದರೆ ನಿಧಾನಕ್ಕೆ ಬಿಡುತ್ತದೆ. ಹೇಳಿದೆ. ನಾದಿನಿ ಉಸಿರು ಬಿಟ್ಟಳು, ಗಿರಿಜಕ್ಕ ಉಸಿರು ಬಿಟ್ಟಳು. ಎಲ್ಲರಿಗಿಂತ ಜೋರಾಗಿ ಉಸಿರು ಬಿಟ್ಟವಳು ನಾನು. ಅದನ್ನು ಕೇಳಿ ಅವರಿಬ್ಬರೂ ನಗತೊಡಗಿದರು.